ವಿಡಿಯೋ ಸಂಕಲನಕ್ಕೆ ತಕ್ಕ ಗಣಕಯಂತ್ರ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯ ರಥೋತ್ಸವವನ್ನು ಒಂದು ಗಂಟೆಯ ಹೊತ್ತು ಕ್ಯಾಮರಾದಲ್ಲಿ ಸೆರೆಹಿಡಿದೆವೆಂದು ಭಾವಿಸೋಣ. ಪರದೆಯ ಮೇಲೆ ತೇರು ಎಡೆಬಿಡದೆ ಸಾಗುವಂತೆ ತೋರಿದರೂ ಅಲ್ಲಿರುವುದು ಸೆಕೆಂಡಿಗೆ 25ರಂತೆ ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳೇ. ಒಂದೊಂದು ಚಿತ್ರದಲ್ಲಿಯೂ ಅಡ್ಡಲಾಗಿ 1920, ಮೇಲಿನಿಂದ ಕೆಳಕ್ಕೆ 1080 ಬಿಂದುಗಳು, ಒಟ್ಟು 20,73,600. ಪ್ರತಿಯೊಂದು ಬಿಂದುವಿನ ಬಣ್ಣಕ್ಕೆ 3 ಬೈಟುಗಳಂತೆ ಗುಣಿಸಿದರೆ ಸೆಕೆಂಡಿಗೆ 15,55,20,000 ಬೈಟುಗಳಾಗುತ್ತವೆ. ಗಂಟೆಗೆ ಸುಮಾರು 560 ಗಿಗಾಬೈಟು!

ಇಷ್ಟು ಹೊರೆಯನ್ನು ಕ್ಯಾಮರಾ ಹೊರಲಾರದು. ಆದಕಾರಣ ಅದು ಆಗಾಗ ಒಂದು ಪೂರ್ಣ ಚಿತ್ರವನ್ನು ಬರೆದಿಟ್ಟು, ನಡುವಣ ಚಿತ್ರಗಳಲ್ಲಿ ಬದಲಾದ ಅಂಶವನ್ನು ಮಾತ್ರ ಗುರುತಿಸಿಕೊಳ್ಳುತ್ತದೆ. ತೇರಿನ ಚಲನೆಯಷ್ಟೇ ದಾಖಲಾಗುತ್ತದೆ. ಕದಲದ ಗುಡಿಯ ಗೋಡೆಯನ್ನು ಮತ್ತೆ ಮತ್ತೆ ಬರೆಯಬೇಕಾಗಿಲ್ಲ. ಸ್ಥಳವೇನೋ ಉಳಿಯಿತು. ಆದರೆ ಸಂಕಲನಕಾರನು ನಡುವಿನ ಒಂದು ಚಿತ್ರವನ್ನು ಬೇಡಿದಾಗ, ಗಣಕವು ಹಿಂದಿನ ಪೂರ್ಣ ಚಿತ್ರದಿಂದ ಲೆಕ್ಕ ಮಾಡುತ್ತ ಬಂದು ಅದನ್ನು ಮರಳಿ ಕಟ್ಟಬೇಕು. ಈ ಕೆಲಸಕ್ಕೆಂದೇ ಮೀಸಲಾದ ವಿದ್ಯುನ್ಮಂಡಲವು ಹಲವು ಪ್ರೊಸೆಸರುಗಳ ಚಿತ್ರವಿಭಾಗದಲ್ಲಿ ಉಂಟು. ಇಂಟೆಲ್ ಪ್ರೊಸೆಸರಿನ ಹೆಸರು 'ಎಫ್' ಅಕ್ಷರದಿಂದ ಮುಗಿದರೆ ಆ ವಿಭಾಗದ ನೆರವು ದೊರೆಯದು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡು ಬೇಕೇ ಬೇಕು.

ಇನ್ನು ಕೋರುಗಳ ಸಂಖ್ಯೆ. ಕೋರು ಹೆಚ್ಚಿದಷ್ಟೂ ವೇಗ ಹೆಚ್ಚುವುದೆಂಬುದು ಅರೆಸತ್ಯ. ಈ ಮಿತಿಯನ್ನು 1967ರಲ್ಲಿ ಜೀನ್ ಆಮ್ಡಾಲ್ ವಿವರಿಸಿದನು. ಒಂದೇ ಕೋರು 100 ನಿಮಿಷದಲ್ಲಿ ಮಾಡುವ ಕೆಲಸದಲ್ಲಿ 90 ನಿಮಿಷದ ಭಾಗವನ್ನು ಮಾತ್ರ ಹಂಚಲು ಸಾಧ್ಯವೆಂದು ಇಟ್ಟುಕೊಳ್ಳೋಣ. 8 ಕೋರುಗಳಿದ್ದರೆ ಸುಮಾರು 21 ನಿಮಿಷ. 16 ಇದ್ದರೆ ಸುಮಾರು 16 ನಿಮಿಷ. ಕೋರುಗಳು ಇಮ್ಮಡಿಯಾದರೂ ಉಳಿದುದು ಐದಾರು ನಿಮಿಷ ಮಾತ್ರ!

ಮದರ್‌ಬೋರ್ಡನ್ನು ಆರಿಸುವಾಗ ಮೊದಲು ನೋಡಬೇಕಾದುದು ಸಾಕೆಟ್ಟು. ಎಎಂ5 ಸಾಕೆಟ್ಟಿನಲ್ಲಿ ಇಂಟೆಲ್ ಪ್ರೊಸೆಸರು ಕೂರದು. ಎಲ್‌ಜಿಎ1700 ಬೋರ್ಡುಗಳಲ್ಲಿ ಕೆಲವು ಡಿಡಿಆರ್4 ಸ್ಮೃತಿಯನ್ನೂ ಕೆಲವು ಡಿಡಿಆರ್5 ಸ್ಮೃತಿಯನ್ನೂ ಬೇಡುತ್ತವೆ. ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು. ಇದಕ್ಕಿಂತಲೂ ಮುಖ್ಯವಾದುದು ಬೋರ್ಡಿನ ವೋಲ್ಟೇಜು ನಿಯಂತ್ರಕ. ಅದು 12 ವೋಲ್ಟನ್ನು ಸುಮಾರು 1.2 ವೋಲ್ಟಿಗೆ ಇಳಿಸಿ ಪ್ರೊಸೆಸರಿಗೆ ಉಣಿಸುತ್ತದೆ. ಪ್ರೊಸೆಸರು 120 ವಾಟ್ ಬಳಸುವಾಗ ಹರಿಯುವ ಪ್ರವಾಹವೆಷ್ಟು? 120ನ್ನು 1.2ರಿಂದ ಭಾಗಿಸಿರಿ: 100 ಆಂಪಿಯರ್! ಅಗ್ಗದ ಬೋರ್ಡಿನ ನಿಯಂತ್ರಕವು ಈ ಪ್ರವಾಹದಲ್ಲಿ ಬಹುಬೇಗ ಕಾಯುತ್ತದೆ.

ಈಗ ನಮ್ಮ ನಾಡಿನ ಬಿಸಿಲನ್ನು ಲೆಕ್ಕಕ್ಕೆ ತರೋಣ. ಪ್ರೊಸೆಸರಿನಿಂದ ಶಾಖವು ಹೊರಹೋಗುವ ಪ್ರಮಾಣವು ಅದರ ಮತ್ತು ಸುತ್ತಣ ಗಾಳಿಯ ಉಷ್ಣತೆಗಳ ಅಂತರವನ್ನು ಬಹುಮಟ್ಟಿಗೆ ಅವಲಂಬಿಸಿದೆ. ಪ್ರೊಸೆಸರಿನ ಮಿತಿ 95 ಡಿಗ್ರಿಯೆಂದಾದರೆ, 25 ಡಿಗ್ರಿಯ ಕೋಣೆಯಲ್ಲಿ ಅಂತರ 70. ಮೇ ತಿಂಗಳಲ್ಲಿ ಕಲಬುರಗಿಯ ಗಾಜಿಪುರದಲ್ಲಿ, ಕಾದ ತಾರಸಿಯ ಕೆಳಗಣ ಕೋಣೆ 42 ಡಿಗ್ರಿಗೆ ಏರಿದರೆ ಅಂತರ 53 ಮಾತ್ರ. ತಂಪು ಕೋಣೆಯಲ್ಲಿ 120 ವಾಟ್ ಶಾಖವನ್ನು ಹೊರಹಾಕುತ್ತಿದ್ದ ಅದೇ ಫ್ಯಾನು ಇಲ್ಲಿ 91 ವಾಟ್ ಮಾತ್ರ ಹೊರಹಾಕಬಲ್ಲುದು. ಮಿತಿ ಮುಟ್ಟಿದ ಪ್ರೊಸೆಸರು ಸುಟ್ಟುಹೋಗದಂತೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೊಂಡವನು ತೆತ್ತ ಹಣವು ಹೀಗೆ ಬಿಸಿಲಿಗೆ ಕರಗುತ್ತದೆ. ಅದೂ ಮದುವೆಯ ಚಿತ್ರಗಳನ್ನು ಬೇಗನೆ ಮುಗಿಸಿಕೊಡಬೇಕಾದ ಸುಗ್ಗಿಯ ತಿಂಗಳಿನಲ್ಲಿಯೇ.

ಆದುದರಿಂದ ಸಂಕಲನವನ್ನು ವೃತ್ತಿಯಾಗಿ ಹಿಡಿಯಲೆಳಸುವ ವಿದ್ಯಾರ್ಥಿಯು ಇದ್ದ ಹಣವನ್ನೆಲ್ಲ ಅತಿ ದುಬಾರಿ ಪ್ರೊಸೆಸರಿಗೆ ಸುರಿಯುವುದು ಉಚಿತವಲ್ಲ. ತನ್ನ ಕ್ಯಾಮರಾದ ವಿಡಿಯೋವನ್ನು ಬಿಡಿಸಬಲ್ಲ ಚಿತ್ರವಿಭಾಗವುಳ್ಳ ಸುಮಾರು 8 ಕೋರುಗಳ ಪ್ರೊಸೆಸರು, ನಿಯಂತ್ರಕದ ಮೇಲೆ ದಪ್ಪ ಲೋಹದ ಹೀಟ್ ಸಿಂಕ್ ಇರುವ ಬೋರ್ಡು, 32 ಗಿಗಾಬೈಟು ಸ್ಮೃತಿ, ಉಳಿದ ಹಣದಲ್ಲಿ ಒಳ್ಳೆಯ ಕೂಲರು ಹಾಗೂ ಗಾಳಿಯಾಡುವ ಪೆಟ್ಟಿಗೆ: ಇದು ನಮ್ಮ ಬಿಸಿಲುನಾಡಿಗೆ ಒಪ್ಪುವ ಆಯ್ಕೆ.