ಅತಿಥಿಯಾಗಿ ಬಂದ ಮಗುವಿಗೆ ಗೋಧಿ ಆಗದಿದ್ದರೆ

ಕೊಪ್ಪಳದ ಶ್ರೀ ಗವಿಸಿದ್ಧೇಶ್ವರ ಜಾತ್ರೆಗೆ ಬರುವ ಬಂಧುಗಳ ಮಕ್ಕಳಲ್ಲಿ ಸಿಲಿಯಾಕ್ ರೋಗವುಳ್ಳ ಮಗುವೂ ಇರಬಹುದು. ಗೋಧಿ, ಜವೆಗೋಧಿಗಳಲ್ಲಿರುವ ಗ್ಲುಟೆನ್ ಎಂಬ ಅಂಶವು ಇಂಥ ಮಗುವಿನ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಇದು ಬರಿಯ ಅಜೀರ್ಣವಲ್ಲ. ಜೀವನಪರ್ಯಂತ ಪಥ್ಯವೇ ಇದಕ್ಕೆ ಚಿಕಿತ್ಸೆ.

ಮಾದಲಿ, ಗೋಧಿಹುಗ್ಗಿ, ಹೋಳಿಗೆ, ಶಾವಿಗೆಗಳನ್ನು ಚಿಟಿಕೆಯಷ್ಟೂ ಕೊಡಬಾರದು. ಅಂಗಡಿಯ ಇಂಗಿನಲ್ಲಿಯೂ ಗೋಧಿಹಿಟ್ಟು ಬೆರೆತಿರುವುದುಂಟು. ಗಂಗಾವತಿಯ ಅಕ್ಕಿ, ಕುಷ್ಟಗಿ-ಯಲಬುರ್ಗಾಗಳ ಜೋಳ, ಸಜ್ಜೆ, ನವಣೆಗಳು ಸ್ವಭಾವತಃ ನಿರಪಾಯ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳ ಬೀಸಿಸಿದರೆ, ಚಪಾತಿಯ ಹಂಚಿನಲ್ಲಿಯೇ ರೊಟ್ಟಿ ಸುಟ್ಟರೆ ಅದೂ ಅಪಥ್ಯವಾಗುತ್ತದೆ. ಸಂಶಯವಿದ್ದಲ್ಲಿ ಅನ್ನವೇ ಲೇಸು.

ತಪ್ಪಿ ತಿಂದು ಹೊಟ್ಟೆನೋವು, ವಾಂತಿ, ಭೇದಿ ಕಾಣಿಸಿದರೆ ತಂದೆತಾಯಿಗೆ ತಿಳಿಸಿರಿ. ಮಗುವಿಗೆ ವಿಶ್ರಾಂತಿ ಕೊಟ್ಟು, ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸಿರಿ. ವಾಂತಿ ನಿಂತ ಮೇಲೆ ಅಕ್ಕಿಗಂಜಿ ಕೊಡಿರಿ. ಚೂರ್ಣ, ಕಷಾಯ, ಅರಿಷ್ಟಗಳನ್ನು ನೀವಾಗಿಯೇ ಕೊಡಬೇಡಿರಿ. ವಾಂತಿ ನಿಲ್ಲದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾದರೆ, 6-8 ಗಂಟೆ ಮೂತ್ರವಾಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

‘ಪ್ರಸಾದವಲ್ಲವೇ, ಏನೂ ಆಗದು’ ಎಂದು ಒತ್ತಾಯಿಸುವುದು ಭಕ್ತಿಯಲ್ಲ. ಬಾಳೆಹಣ್ಣು, ಕಲ್ಲುಸಕ್ಕರೆಗಳೂ ಪ್ರಸಾದವೇ. ಮಗುವಿನ ದೇಹಕ್ಕೆ ಒಗ್ಗುವುದನ್ನು ಅರಿತು ಉಣಿಸುವುದೂ ದಾಸೋಹವೇ ಆಗಿದೆ.