ಬಂಡೆಯ ಗೀರುಗಳಲ್ಲಿ ಬ್ರಾಹ್ಮಿ ‘ಕ’ ಹುಡುಕುವುದು ಹೇಗೆ?

ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಬಂಡೆಗಳ ಮೇಲಿರುವ ಅಶೋಕನ ಕಿರುಶಾಸನಗಳು ಅರಸನ ಹೆಸರನ್ನೇ ಹೇಳುವ ಅಪರೂಪದವು. ಎರಡು ಸಾವಿರಕ್ಕೂ ಹೆಚ್ಚು ವರ್ಷ ಬಿಸಿಲು, ಮಳೆ ಕಂಡ ಇಂಥ ಕಲ್ಲಿನ ಫೋಟೊದಲ್ಲಿ ಅಕ್ಷರ ಯಾವುದು, ಬಿರುಕು ಯಾವುದು ಎಂದು ಬಿಡಿಸುವುದು ಕಷ್ಟ. ಇಲ್ಲಿ ನೆರವಿಗೆ ಬರುವುದು ಕೋರಿಲೇಶನ್ ಫಿಲ್ಟರ್. ಹುಡುಕುವ ಆಕಾರದ ಮಾದರಿಯನ್ನು ಚಿತ್ರದ ಉದ್ದಗಲಕ್ಕೂ ಸರಿಸುತ್ತ, ಪ್ರತಿ ಜಾಗದಲ್ಲೂ ಅದು ಎಷ್ಟು ಹೊಂದಿತೆಂದು ಅಂಕ ಹಾಕುವ ಲೆಕ್ಕ ಇದು. ರೇಡಾರ್ ಗದ್ದಲದಲ್ಲಿ ಸಂಕೇತ ಹೆಕ್ಕಲು 1943ರಲ್ಲಿ ಡಿ.ಒ. ನಾರ್ತ್ ಇದರ ತಳಹದಿ ಹಾಕಿದರು. 1964ರಲ್ಲಿ ವ್ಯಾಂಡರ್ ಲುಗ್ಟ್ ಬೆಳಕಿನಿಂದಲೇ ಚಿತ್ರಗಳನ್ನು ಹೀಗೆ ಸೋಸಿದರು. ಈಗ ಪೈಥಾನ್ ಮತ್ತು ಓಪನ್‌ಸಿವಿ ಇರುವ ಲ್ಯಾಪ್‌ಟಾಪ್ ಸಾಕು. ಈ ಎರಡು ತಂತ್ರಾಂಶಗಳೂ ಉಚಿತ.

ಮೊದಲು ಫೋಟೊ. ಬೆಳಿಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ತೆಗೆಯಿರಿ. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವುದು ಬೇಡವೇ ಬೇಡ.

ನಂತರ ಚಿತ್ರವನ್ನು ಕಪ್ಪುಬಿಳುಪಿಗೆ ತಂದು ಮಾದರಿ ಸಿದ್ಧಪಡಿಸಿ. ಅಶೋಕನ ಕಾಲದ ಬ್ರಾಹ್ಮಿ ‘ಕ’ ನಮ್ಮ ಕೂಡುವ ಚಿಹ್ನೆಯಂತೆಯೇ ಇರುವುದರಿಂದ ಆರಂಭಕ್ಕೆ ಅದೇ ಸಲೀಸು. ಸ್ಪಷ್ಟವಾಗಿ ಉಳಿದ ಒಂದು ‘ಕ’ವನ್ನು ಕತ್ತರಿಸಿಕೊಂಡು, ಅದರ ಸರಾಸರಿ ಬೆಳಕನ್ನು ಕಳೆಯಿರಿ. ಕಳೆಯದಿದ್ದರೆ ಫಿಲ್ಟರ್ ಅಕ್ಷರವನ್ನು ಬಿಟ್ಟು ಹೊಳೆಯುವ ಕಲ್ಲನ್ನೇ ಆರಿಸುತ್ತದೆ.

ಹಲವರು ಎಡವುವುದು ಮುಂದಿನ ಹಂತದಲ್ಲಿ. ಮಾದರಿಯನ್ನು ಹಾಗೆಯೇ ಬಳಸುವ ಫಿಲ್ಟರ್ ಚೆನ್ನಾಗಿ ದುಡಿಯುವುದು ಗದ್ದಲ ಚುಕ್ಕೆಚುಕ್ಕೆಯಾಗಿ, ಒಂದಕ್ಕೊಂದು ನಂಟಿಲ್ಲದೆ ಹರಡಿದ್ದಾಗ ಮಾತ್ರ. ಬಂಡೆಯ ಗದ್ದಲ ಹಾಗಿಲ್ಲ. ಬಿರುಕುಗಳು ಉದ್ದಕ್ಕೆ ಓಡುತ್ತವೆ, ಕಲೆಗಳು ಗುಂಪಾಗಿರುತ್ತವೆ. ಆದ್ದರಿಂದ ಅದೇ ಬಂಡೆಯ ಅಕ್ಷರವಿಲ್ಲದ ಭಾಗದ ಫೋಟೊ ತೆಗೆದು, ಚಿತ್ರವನ್ನು ಆವರ್ತನಗಳಾಗಿ ಬಿಡಿಸುವ ಫೂರಿಯೆ ಪರಿವರ್ತನೆಯಿಂದ ಅದರ ಶಕ್ತಿ ಯಾವ ಆವರ್ತನಗಳಲ್ಲಿ ಹೆಚ್ಚಿದೆಯೆಂದು ಅಳೆಯಿರಿ. ಮಾದರಿಯ ಪರಿವರ್ತನೆಯನ್ನು ಆ ಅಳತೆಯಿಂದ ಭಾಗಿಸಿದರೆ, ಕಲ್ಲು ಕೂಗಾಡುವ ಕಡೆ ಫಿಲ್ಟರ್ ಕಿವಿ ಮುಚ್ಚಿಕೊಳ್ಳುತ್ತದೆ.

ಅಂಕದ ಶಿಖರ ಕಂಡೊಡನೆ ಹಿಗ್ಗಬೇಡಿ. ಶಿಖರದಿಂದ ಸುತ್ತಲಿನ ಅಂಕಗಳ ಸರಾಸರಿಯನ್ನು ಕಳೆದು, ಅವುಗಳ ಏರಿಳಿತದ ಅಳತೆಯಿಂದ, ಅಂದರೆ ಪ್ರಮಾಣಿತ ವಿಚಲನೆಯಿಂದ, ಭಾಗಿಸಿ. ಎಷ್ಟು ಬಂದರೆ ನಂಬಬೇಕು? ಉದಾಹರಣೆಗೆ, ಕುರುಗೋಡು ಬೆಟ್ಟದಲ್ಲಿ ಬರಹವೇ ಇಲ್ಲದ ಬಂಡೆಯ ಫೋಟೊಗಳ ಮೇಲೆ ಫಿಲ್ಟರ್ ಓಡಿಸಿ. ಅಲ್ಲಿ ಸಿಕ್ಕ ‘ಕ’ಗಳೆಲ್ಲ ಸುಳ್ಳೇ, ಅವುಗಳಲ್ಲಿ ಅತಿ ಹೆಚ್ಚಿನದಕ್ಕಿಂತ ಮೇಲೆ ನಿಮ್ಮ ಗೆರೆ ಎಳೆಯಿರಿ. ‘ಕೊ’ ಕೂಡ ‘ಕ’ ಎಂದು ಅಂಕ ಗಿಟ್ಟಿಸಬಹುದು. ಅಂತಿಮ ಓದು ಶಾಸನತಜ್ಞರದೇ.

ಅಕ್ಷರ ಬಿಟ್ಟು ಚಿತ್ರ ಹುಡುಕುವುದಾದರೆ, ಬಳ್ಳಾರಿ ಬಳಿಯ ಕಪ್ಪಗಲ್ಲು ಗುಡ್ಡದ ಬಂಡೆಗಳ ಗೂಳಿಚಿತ್ರಗಳಿಗೆ ಒಂದೇ ಮಾದರಿ ಸಾಲದು. 15 ಡಿಗ್ರಿಗೊಂದರಂತೆ 24 ಕೋನ, 5 ಗಾತ್ರ ಎಂದರೆ 120 ಮಾದರಿಗಳು. ಎಡಬಲ ಮುಖಕ್ಕೆ ಅದರ ಇಮ್ಮಡಿ. ಹಲವು ಮಾದರಿಗಳನ್ನು ಒಂದೇ ಫಿಲ್ಟರಿನಲ್ಲಿ ಬೆರೆಸಿ ಚೂಪಾದ ಶಿಖರ ಪಡೆಯುವ ವಿಧಾನವನ್ನು ಮಹಾಲನೋಬಿಸ್, ವಿಜಯಕುಮಾರ್ ಮತ್ತು ಕ್ಯಾಸಸೆಂಟ್ 1987ರಲ್ಲಿ ಪ್ರಕಟಿಸಿದ್ದಾರೆ. ಗೂಳಿಗಳಿಗೆ ಅಲ್ಲಿಂದ ಶುರುಮಾಡುವುದು ಒಳ್ಳೆಯದು.