ಫಂಕ್ಷನ್‌ನೊಳಗಿನ ಹೆಸರು ಯಾರದು? – ಸ್ಥಳೀಯ ವೇರಿಯಬಲ್‌ ಘೋಷಣೆಯ ಕುರಿತು ಒಂದು ಪಾಠ

ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಗಣಕ ವಿಜ್ಞಾನ ಪುಸ್ತಕ ಪೈಥಾನ್ ಭಾಷೆಯನ್ನು ಕಲಿಸುತ್ತದೆ. ಇಲ್ಲಿ ವೇರಿಯಬಲ್‌ ಅನ್ನು ಘೋಷಿಸಬೇಕಾಗಿಲ್ಲ. ಬೆಲೆ ಕೊಟ್ಟೊಡನೆ ಅದು ಹುಟ್ಟುತ್ತದೆ. ಹೊಸದಾಗಿ ಕಲಿಯುವವರಿಗೆ ಇದು ನಿಜಕ್ಕೂ ಸುಲಭವೇ? ಜಯಲಕ್ಷ್ಮಿಪುರಂನ ಪದವಿಪೂರ್ವ ಕಾಲೇಜೊಂದರಲ್ಲಿ ಅಭ್ಯಾಸ ಬೋಧನೆಗೆ ನಾನು ಈ ಕಲಿಕಾಂಶವನ್ನು ಆರಿಸಿಕೊಂಡೆ.

ಪೂರ್ವಜ್ಞಾನ: "ಎರಡನೇ ಕ್ರಾಸ್ ಎಲ್ಲಿದೆ?" ಎಂದು ಕೇಳಿದೆ. ಜಯಲಕ್ಷ್ಮಿಪುರಂನಲ್ಲೂ ಇದೆ, ಗೋಕುಲಂನಲ್ಲೂ ಇದೆ ಎಂಬ ಉತ್ತರ ಬಂತು. ಹೆಸರು ಒಂದೇ, ಜಾಗ ಬೇರೆ. ಫಂಕ್ಷನ್ ಕೂಡ ಒಂದು ಬಡಾವಣೆಯಂತೆ ಎಂದು ಪಾಠಕ್ಕೆ ಬಂದೆ.

ಅನ್ವೇಷಣೆ: ಪೈಥಾನ್ 3ರಲ್ಲಿ ವೇರಿಯಬಲ್‌ಗೆ ಕನ್ನಡದ ಹೆಸರನ್ನೇ ಇಡಬಹುದು. ಫಂಕ್ಷನ್‌ನ ಹೊರಗೆ "ಎಣಿಕೆ = 0" ಎಂದೂ ಒಳಗೆ "ಎಣಿಕೆ = ಎಣಿಕೆ + 1" ಎಂದೂ ಬರೆದು, ಓಡಿಸುವ ಮೊದಲು ಫಲಿತಾಂಶ ಊಹಿಸಲು ಹೇಳಿದೆ. ಹೆಚ್ಚಿನವರು 1 ಎಂದರು. ಬಂದದ್ದು ದೋಷಸಂದೇಶ: ಸ್ಥಳೀಯ ವೇರಿಯಬಲ್‌ಗೆ ಇನ್ನೂ ಬೆಲೆಯಿಲ್ಲ!

ವಿವರಣೆ: ಫಂಕ್ಷನ್‌ನೊಳಗೆ ಎಲ್ಲಾದರೂ ಒಂದು ಹೆಸರಿಗೆ ಬೆಲೆ ಕೊಟ್ಟರೆ, ಆ ಇಡೀ ಫಂಕ್ಷನ್‌ನಲ್ಲಿ ಅದು ಸ್ಥಳೀಯ ಎಂದು ಪೈಥಾನ್ ಮೊದಲೇ ತೀರ್ಮಾನಿಸುತ್ತದೆ. ಬರೀ ಓದಿದರೆ ಹೊರಗಿನ ಬೆಲೆ ಸಿಗುತ್ತದೆ. ಅಂದರೆ ಘೋಷಣೆ ಇಲ್ಲವೆಂದಲ್ಲ, ಅದು ಕಣ್ಣಿಗೆ ಕಾಣದು. ಬಡಾವಣೆಯ ಹೋಲಿಕೆ ಇಷ್ಟು ದೂರ ಬರುವುದಿಲ್ಲ. ಅದನ್ನು ಇಲ್ಲೇ ಕೈಬಿಡಬೇಕು.

ಎರಡನೆಯ ಉದಾಹರಣೆ ಹೆಚ್ಚು ಅಪಾಯಕಾರಿ. ಮೂರು ಪರೀಕ್ಷೆಗಳ ಅಂಕ 12, 15, 18. "ಮೊತ್ತ = 0" ಎಂದು ಆರಂಭಿಸಿ, ಲೂಪ್‌ನಲ್ಲಿ "ಮೊತ = ಮೊತ್ತ + ಅಂಕ" ಎಂದು ಒತ್ತಕ್ಷರ ಬಿಟ್ಟು ಬರೆದು, ಕೊನೆಗೆ "ಮೊತ್ತ"ವನ್ನು ಮುದ್ರಿಸಿದೆ. 45ರ ಬದಲು 0 ಬಂತು, ದೋಷಸಂದೇಶ ಬರಲಿಲ್ಲ. ಘೋಷಣೆ ಕಡ್ಡಾಯವಿದ್ದ ಭಾಷೆಯಲ್ಲಿ "ಮೊತ" ಎಂಬಲ್ಲೇ ಪ್ರೋಗ್ರಾಂ ನಿಲ್ಲುತ್ತಿತ್ತು.

ವಿಸ್ತರಣೆ: ಲುವಾ ಮತ್ತು ಬ್ಯಾಶ್‌ನಲ್ಲಿ "ಲೋಕಲ್" ಎನ್ನದಿದ್ದರೆ ಫಂಕ್ಷನ್‌ನೊಳಗೆ ಬೆಲೆ ಕೊಟ್ಟ ಹೆಸರು ಸಾರ್ವತ್ರಿಕವಾಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲೂ ಮೊದಲು ಹಾಗೆಯೇ ಇತ್ತು. 2009ರ ಆವೃತ್ತಿಯ "ಯೂಸ್ ಸ್ಟ್ರಿಕ್ಟ್" ಘೋಷಣೆಯಿಲ್ಲದ ಹೆಸರಿಗೆ ಬೆಲೆ ಕೊಡುವುದನ್ನು ದೋಷವೆಂದಿತು, 2015ರಲ್ಲಿ "ಲೆಟ್" ಬಂತು. ಪರ್ಲ್‌ನ "ಯೂಸ್ ಸ್ಟ್ರಿಕ್ಟ್" ಕೂಡ "ಮೈ" ಎಂಬ ಘೋಷಣೆಯನ್ನು ಬೇಡುತ್ತದೆ. ಪ್ರೋಗ್ರಾಂಗಳು ದೊಡ್ಡದಾದಂತೆ ಈ ಶಿಸ್ತು ಬೇಕೆನಿಸಿದೆ.

ನನ್ನ ಅಭಿಪ್ರಾಯದಲ್ಲಿ, ಭಾಷೆ ಕೇಳದಿದ್ದರೂ ಘೋಷಣೆಯ ಅಭ್ಯಾಸವನ್ನು ಕಲಿಸಬೇಕು. ಐದು ಸಾಲಿನ ಪ್ರೋಗ್ರಾಂಗೆ ಅದು ಹೊರೆ ಎಂಬ ಆಕ್ಷೇಪವಿದೆ. ಆದರೆ ಕಲಿಯುವವರ ಐದನೇ ಸಾಲಿನಲ್ಲೇ ಕಾಗುಣಿತದ ತಪ್ಪು ಇರಬಹುದಲ್ಲ! ಪೈಥಾನ್‌ನಲ್ಲಿ ಮೂರು ನಿಯಮ ಸಾಕು: ಸ್ಥಳೀಯ ವೇರಿಯಬಲ್‌ಗೆ ಫಂಕ್ಷನ್‌ನ ಆರಂಭದಲ್ಲೇ ಬೆಲೆ ಕೊಡಿ, ಹೊರಗಿನದನ್ನು ಪ್ಯಾರಾಮೀಟರ್ ಮೂಲಕ ತನ್ನಿ, ಉತ್ತರವನ್ನು ರಿಟರ್ನ್ ಮಾಡಿ. ಮೊದಲ ದೋಷಕ್ಕೆ "ಗ್ಲೋಬಲ್" ಸೇರಿಸಿಬಿಡಿ ಎಂಬ ಸಲಹೆಯನ್ನು ಪ್ರಶಿಕ್ಷಣಾರ್ಥಿಗಳು ಅವಸರದಲ್ಲಿ ಕೊಡಬಾರದು. ದೋಷ ಮರೆಯಾಗುತ್ತದೆ, ಕಾರಣ ಅರ್ಥವಾಗದೆ ಉಳಿಯುತ್ತದೆ.

ಮೌಲ್ಯಮಾಪನ: (1) "ಎಣಿಕೆ" ಪ್ರೋಗ್ರಾಂ ಅನ್ನು "ಗ್ಲೋಬಲ್" ಬಳಸದೆ ಸರಿಪಡಿಸಿ. (2) ಒಳಗಿನ ಸಾಲನ್ನು ತೆಗೆದು "ಎಣಿಕೆ"ಯನ್ನು ಮುದ್ರಿಸಿದರೆ ಏನು ಬರುತ್ತದೆ? ಕಾರಣ ಕೊಡಿ.